ಹೆಚ್ಚು ದುಡಿದ ತಪ್ಪಿಗೆ

ಹೆಚ್ಚು ಕೆಲಸ ಮಾಡಿದ್ದಕ್ಕೆ ಆಫೀಸಿನಲ್ಲಿ ಬೈಸಿಕೊಂಡ ಗಂಡಸನ್ನು ನೀವು ಎಲ್ಲಾದರೂ ನೋಡಿದ್ದೀರಾ? ಇಲ್ಲದಿದ್ದರೆ ನಮ್ಮ ಮನೆಗೆ ಬನ್ನಿ, ಒಬ್ಬರಿದ್ದಾರೆ. ಈಚೆಗೆ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಬೈಸಿಕೊಂಡು ಬಂದರು. ಅದಕ್ಕೆ ಬೇಕಾದ ಸಾಕ್ಷಿಯನ್ನೆಲ್ಲ ತಾವೇ ಪ್ರಿಂಟ್ ತೆಗೆದು, ಫೈಲ್ ಮಾಡಿ, ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದರು.

ಆ ಕಾಗದಗಳಿಗೆ ತೂತು ಹೊಡೆದು ಫೈಲಿಗೆ ಸೇರಿಸಿದವಳು ನಾನು. ಹಾಗಾಗಿ ಈ ವಿಷಯದಲ್ಲಿ ನಗುವ ಹಕ್ಕು ನನಗೆ ಅರ್ಧ ಮಾತ್ರ.

ಮೊದಲಿನಿಂದ ಹೇಳುತ್ತೇನೆ.

ವೀರೇಶ್ ನನ್ನ ಗಂಡ. ಗದಗದವರು. ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ ಕಾರಿನ ಬ್ರೇಕಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ನಾನು ಸುಮಾ, ಮೈಸೂರಿನವಳು, ಸೌತ್‌ಫೀಲ್ಡ್‌ನಲ್ಲಿ ಒಂದು ಇನ್ಶೂರೆನ್ಸ್ ಕಂಪನಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ನಮ್ಮ ಮಗಳು ತನ್ವಿಗೆ ಆರು ವರ್ಷ, ಫಸ್ಟ್ ಗ್ರೇಡ್. ಅವಳ ಸ್ಕೂಲು ಬಿಡುವುದು ಮೂರು ಇಪ್ಪತ್ತಕ್ಕೆ. ನಾವಿಬ್ಬರೂ ಊರು ಸೇರುವುದು ಆರಕ್ಕೆ. ನಡುವಿನ ಹೊತ್ತಿಗೆ ಸ್ಕೂಲಿನ ಕೆಫೆಟೇರಿಯಾದಲ್ಲೇ ಆಫ್ಟರ್‌ಕೇರ್ ಎಂಬ ವ್ಯವಸ್ಥೆ ಇದೆ. ದುಡ್ಡು ಕೊಟ್ಟರೆ ಆರರವರೆಗೆ ಮಕ್ಕಳನ್ನು ಕೂಡಿಸಿಕೊಂಡಿರುತ್ತಾರೆ.

ಕಳೆದ ವರ್ಷವಿಡೀ ಅಲ್ಲಿ ಕೊನೆಗೆ ಉಳಿಯುತ್ತಿದ್ದ ಮಗು ನಮ್ಮದೇ. ನಾನು ಏದುಸಿರು ಬಿಡುತ್ತ ಒಳಗೆ ಹೋಗುವ ಹೊತ್ತಿಗೆ ಕುರ್ಚಿಗಳನ್ನೆಲ್ಲ ಎತ್ತಿ ಟೇಬಲ್ ಮೇಲೆ ಬೋರಲು ಹಾಕಿರುತ್ತಿದ್ದರು. ನೆಲದ ಮೇಲೆ ಉಳಿದ ಒಂದೇ ಒಂದು ಕುರ್ಚಿಯಲ್ಲಿ ತನ್ವಿ ಜಾಕೆಟ್ ಹಾಕಿಕೊಂಡು, ಬ್ಯಾಗ್ ಬೆನ್ನಿಗೇರಿಸಿಕೊಂಡು ಕೂತಿರುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ಯು ಆರ್ ಓನ್ಲಿ ಫೋರ್ ಮಿನಿಟ್ಸ್ ಲೇಟ್ ಟುಡೇ, ಅಮ್ಮಾ" ಎಂದು ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು.

ಹೀಗಿರುವಾಗ ವೀರೇಶ್ ಕಂಪನಿಯಲ್ಲಿ ಒಂದು ಹೊಸ ಪ್ಲಾನ್ ಬಂತು. ಆ ಕಂಪನಿಯ ಹೆಡ್ ಆಫೀಸು ಯುರೋಪಿನಲ್ಲಿದೆ. ಅಲ್ಲಿನವರಿಗೆ ಆಗಾಗ ಇಂಥ ಒಳ್ಳೆಯ ಬುದ್ಧಿ ಬರುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿರುವ ಅಪ್ಪ-ಅಮ್ಮಂದಿರು ವಾರಕ್ಕೆ ನಲವತ್ತು ಗಂಟೆಯ ಬದಲು ಮೂವತ್ತು ಗಂಟೆ ಕೆಲಸ ಮಾಡಬಹುದು. ಬಿಟ್ಟ ಹತ್ತು ಗಂಟೆಯ ಸಂಬಳ ಪೂರ್ತಿ ಹೋಗುವುದಿಲ್ಲ, ಅದರಲ್ಲಿ ಅರ್ಧವನ್ನು ಕಂಪನಿಯೇ ತುಂಬಿಕೊಡುತ್ತದೆ. ಒಂದು ವರ್ಷದ ಮಟ್ಟಿಗೆ. ಅಂದರೆ, ನೀನು ಮನೆಗೆ ಹೋಗಿ ಮಗುವನ್ನು ನೋಡಿಕೋ, ನಷ್ಟದಲ್ಲಿ ನಾವೂ ಪಾಲುದಾರರು ಎಂದು.

ನಮ್ಮ ಮಿಷಿಗನ್ನಿನಲ್ಲಿ ಸರ್ಕಾರದ ಕಡೆಯಿಂದ ಇಂಥದ್ದೇನೂ ಇಲ್ಲ. ಕಂಪನಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಸುದ್ದಿಯನ್ನು ಗೆಳೆಯರ ಮನೆಯಲ್ಲಿ ಹೇಳಿದಾಗ ಎಲ್ಲರೂ ಖುಷಿಪಟ್ಟರು. ಆಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು. "ಒಳ್ಳೇದಾಯ್ತು ಬಿಡಿ, ಸುಮಾ ತಗೊಳ್ತಾಳಾ?"

ಅಪ್ಪನ ಕಂಪನಿಯ ಸೌಲಭ್ಯವನ್ನು ಅಮ್ಮ ಹೇಗೆ ತೆಗೆದುಕೊಳ್ಳುತ್ತಾಳೆ ಸ್ವಾಮಿ? ಆದರೂ ಕೇಳಿದರು. (ಕೇಳಿದವರಲ್ಲಿ ಇಬ್ಬರು ಡಾಕ್ಟರು.)

ವೀರೇಶ್ ಮಾತ್ರ ಹಿಂದೆ ಮುಂದೆ ನೋಡಲಿಲ್ಲ. ಸೆಪ್ಟೆಂಬರಿನಲ್ಲಿ ಸ್ಕೂಲು ಶುರುವಾದ ದಿನವೇ ಅವರ ಪ್ಲಾನ್ ಕೂಡ ಶುರುವಾಯಿತು. ಬೆಳಿಗ್ಗೆ ಎಂಟಕ್ಕೆ ಆಫೀಸು, ಮಧ್ಯಾಹ್ನ ಎರಡೂವರೆಗೆ ಹೊರಗೆ, ಮೂರು ಇಪ್ಪತ್ತಕ್ಕೆ ಸ್ಕೂಲಿನ ಮುಂದೆ ಕಾರುಗಳ ಪಿಕಪ್ ಲೈನ್. ನಾನು ಆರಕ್ಕೆ ಮನೆಗೆ ಬಂದರೆ ಅಪ್ಪ, ಮಗಳು ಇಬ್ಬರೂ ಮನೆಯಲ್ಲಿರುತ್ತಿದ್ದರು. ಅನ್ನವೂ ಆಗಿರುತ್ತಿತ್ತು. "ಎಲ್ಲಿಗೆ ಹೋಗಿದ್ರಿ?" ಎಂದರೆ "ಪಾರ್ಕಿಗೆ" ಎನ್ನುತ್ತಿದ್ದರು. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ ಆಫೀಸಿನಲ್ಲಿ ಮೂರು ಗಂಟೆಯ ಹೊತ್ತಿಗೆ ಸುಮ್ಮಸುಮ್ಮನೆ ಗಡಿಯಾರ ನೋಡಿ, ಈಗ ಉಯ್ಯಾಲೆ ಆಡುತ್ತಿರಬೇಕು ಎಂದುಕೊಂಡು ನಗುತ್ತಿದ್ದೆ.

ಒಂದು ದಿನ ಊಟಕ್ಕೆ ತೊಂಡೆಕಾಯಿ ಪಲ್ಯ ಮಾಡಿದ್ದೆ. ತಟ್ಟೆಗೆ ಬಡಿಸಿದ್ದೇ ತನ್ವಿ ಕೈ ಅಡ್ಡ ಹಿಡಿದು, ತುಂಬ ಗಂಭೀರವಾಗಿ, "ಅಮ್ಮಾ, ಲೆಟ್ಸ್ ಟೇಕ್ ದಿಸ್ ಆಫ್‌ಲೈನ್" ಅಂದಳು.

ನಾನು ನಕ್ಕು ನಕ್ಕು ಸುಸ್ತಾದೆ. ನಮ್ಮ ಫ್ಯಾಮಿಲಿ ಗ್ರೂಪಿಗೆ ಬರೆದು ಹಾಕಿದೆ. ಹದಿನೇಳು ಜನ ನಗುವ ಮುಖ ಕಳಿಸಿದರು. 'ಇದನ್ನು ಆಮೇಲೆ ಬೇರೆಯಾಗಿ ಮಾತಾಡೋಣ' ಎನ್ನುವ ಈ ಆಫೀಸಿನ ಮಾತನ್ನು ಆರು ವರ್ಷದ ಮಗು ಎಲ್ಲಿ ಕಲಿಯಿತು ಎಂದು ನನಗೂ ಹೊಳೆಯಲಿಲ್ಲ, ಆ ಹದಿನೇಳು ಜನರಿಗೂ ಹೊಳೆಯಲಿಲ್ಲ. ಅಪ್ಪ ಮಾತ್ರ ತಲೆ ತಗ್ಗಿಸಿ ಪಲ್ಯ ತಿನ್ನುತ್ತಿದ್ದರು. ಅವರಿಗೂ ತೊಂಡೆಕಾಯಿ ಸೇರುವುದಿಲ್ಲ, ಅದನ್ನಾದರೂ ನಾನು ಗಮನಿಸಬೇಕಿತ್ತು.

ಆರು ವಾರ ಹೀಗೇ ಕಳೆಯಿತು. ಆಮೇಲೊಂದು ಶುಕ್ರವಾರ ಮಧ್ಯಾಹ್ನ ಅವರ ಎಚ್‌ಆರ್‌ನಿಂದ ಈಮೇಲ್ ಬಂತು. ಮೂರೇ ಸಾಲು. ನಿಮ್ಮ ಕೆಲಸದ ಗಂಟೆಗಳ ಬಗ್ಗೆ ನಮಗೊಂದು ಕಳವಳವಿದೆ, ಸೋಮವಾರ ಹತ್ತು ಗಂಟೆಗೆ ಬನ್ನಿ, ಆ ಬಗ್ಗೆ ಮಾತಾಡಲು ತಯಾರಾಗಿ ಬನ್ನಿ. ಕೆಳಗೆ ಕ್ಯಾರಲ್ ಎಂದು ಸಹಿ.

ವೀರೇಶ್ ಮುಖ ಇಳಿದುಹೋಯಿತು. "ನೋಡು ಸುಮಾ, ಕೆಲಸ ಕಡಿಮಿ ಮಾಡಾಕತ್ತೇನಿ ಅಂತ ಕೇಳಾಕತ್ತಾರ. ನನಗ ಗೊತ್ತಿತ್ತು. ಇವೆಲ್ಲಾ ನಮ್ಮನ್ನ ಟೆಸ್ಟ್ ಮಾಡಾಕ ತಂದಿದ್ದು."

ಮೂವತ್ತು ಗಂಟೆ ಸಾಕು ಎಂದು ಕಂಪನಿಯೇ ಹೇಳಿದೆ, ಇವರು ಸಹಿ ಮಾಡಿದ್ದಾರೆ, ಆದರೂ ಇವರ ಪ್ರಕಾರ ಅದು ಪರೀಕ್ಷೆ. ನಗಬೇಡಿ. ನಾನೂ ಆ ಕ್ಷಣ ಹಾಗೆಯೇ ನಂಬಿದೆ. ನಾವು ಇರುವುದೇ ಹೀಗೆ. ರಜೆ ಹಾಕುತ್ತೇವೆ, ಜೊತೆಗೆ ಲ್ಯಾಪ್‌ಟಾಪ್ ಒಯ್ಯುತ್ತೇವೆ. ಯಾರೂ ಕೇಳದೆಯೇ 'ಬೇಕಾದರೆ ಫೋನ್ ಮಾಡಿ' ಎಂದು ಬರೆದು ಹೋಗುತ್ತೇವೆ. ಗ್ರೀನ್ ಕಾರ್ಡ್ ಬಂದು ಎರಡು ವರ್ಷವಾಯಿತು, ನಮ್ಮ ಹೆದರಿಕೆ ಮಾತ್ರ ಇನ್ನೂ ವೀಸಾದ ಮೇಲೆಯೇ ಇದೆ.

ಇಂಥ ಹೊತ್ತಿನಲ್ಲಿ ನಮ್ಮ ಮನೆಯವರು ಫೋನ್ ಮಾಡುವುದು ಒಬ್ಬರಿಗೇ. ನನ್ನ ಅಕ್ಕನ ಗಂಡ ಪ್ರಸನ್ನ, ಅಂದರೆ ವೀರೇಶರ ಷಡ್ಡಕ. ಶಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮನೆ, ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಡೇಟಾ ಸೆಂಟರಿನಲ್ಲಿ ಕೆಲಸ. ಎರಡು ಸಲ ಲೇಆಫ್ ಆಗಿ ಎರಡು ಸಲ ಎದ್ದು ನಿಂತವರು. ಆದ್ದರಿಂದ ನಮ್ಮ ಬಳಗದಲ್ಲಿ ಕೆಲಸ ಹೋಗುವ ವಿಷಯಕ್ಕೆಲ್ಲ ಅವರೇ ತಜ್ಞರು.

ಭಾವ ಸ್ಪೀಕರ್ ಫೋನಿನಲ್ಲಿ ಹೇಳಿದರು. "ವೀರೇಶ್, ಹೆದರ್ಕೋಬೇಡಿ. ಅವ್ಳು ಬಾಯಿ ತೆಗೆಯೋಕ್ ಮುಂಚೆ ನೀವು ಫೈಲ್ ಇಟ್ಬಿಡಿ ಟೇಬಲ್ ಮೇಲೆ. ದಿನಾ ಎಷ್ಟೊತ್ತಿಗೆ ಲಾಗಿನ್ ಆದ್ರಿ, ಎಷ್ಟೊತ್ತಿಗೆ ಬಿಟ್ರಿ, ಯಾವ್ ಮೀಟಿಂಗು, ಯಾವ್ ಈಮೇಲು, ಎಲ್ಲಾ ಪ್ರಿಂಟ್ ತಗೊಳ್ಳಿ. ಪೇಪರ್ ಇಟ್ಕೊಂಡಿರೋನ್ನ ಇಲ್ಲಿ ಯಾರೂ ಮುಟ್ಟಲ್ಲ."

ಪೇಪರ್! ನಮಗೆ ಬೇಕಾದದ್ದೂ ಅದೇ ತಾನೆ? ವರ್ಷಗಟ್ಟಲೆ ವೀಸಾ ಆಫೀಸರುಗಳ ಮುಂದೆ ಫೈಲ್ ಹಿಡಿದು ನಿಂತವರು ನಾವು. ಕೇಳಿದ್ದು ಒಂದು ಕಾಗದವಾದರೆ ಕೊಡುವುದು ಹನ್ನೆರಡು. ಲೈಬ್ರರಿ ಕಾರ್ಡ್ ಮಾಡಿಸಲು ಹೋದಾಗ ವೀರೇಶ್ ಮದುವೆ ಸರ್ಟಿಫಿಕೇಟ್ ಒಯ್ದಿದ್ದರು. (ಮೂರು ಕಾಪಿ.)

ಭಾನುವಾರ ಮಧ್ಯಾಹ್ನ ಡೈನಿಂಗ್ ಟೇಬಲ್ ಮೇಲೆ ಕೆಲಸ ಶುರುವಾಯಿತು. ಪ್ರಿಂಟರ್ ಒಂದೇ ಸಮನೆ ಗುರುಗುಡುತ್ತಿತ್ತು. ಅವರು ಪ್ರಿಂಟ್ ಕೊಡುವುದು, ನಾನು ತಾರೀಕಿನ ಪ್ರಕಾರ ಜೋಡಿಸಿ ತೂತು ಹೊಡೆಯುವುದು. ಪ್ರತಿ ವಾರಕ್ಕೆ ಒಂದು ಬಣ್ಣದ ಟ್ಯಾಬ್. ಎರಡನೇ ವಾರದ ಹಳದಿ ಟ್ಯಾಬ್ ಅಂಟಿಸುವಾಗ ನನ್ನ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಮಂಗಳವಾರ, ಮೀಟಿಂಗ್, ಮೂರೂವರೆಯಿಂದ ನಾಲ್ಕೂವರೆ. ಬುಧವಾರವೂ ಅದೇ. ಗುರುವಾರವೂ ಅದೇ.

"ರೀ, ಈ ಹೊತ್ತಲ್ಲಿ ತನ್ವಿ ಎಲ್ಲಿದ್ಲು?"

"ಕಾರಿನ್ಯಾಗ. ಹಿಂದ."

"ಪಾರ್ಕಿಗೆ ಹೋಗ್ತಿದ್ವಿ ಅಂತಿದ್ರಲ್ಲ?"

"ಹೋಗತಿದ್ವಿ. ಅಲ್ಲೇ ಕಾರ್ ನಿಲ್ಲಿಸಿ ಕುಂದರತಿದ್ವಿ. ಅಲ್ಲಿ ಸಿಗ್ನಲ್ ಚಲೋ ಅದ."

ನೋಡಿ, ಆಗಲೇ ನಾನು ತೂತು ಹೊಡೆಯುವುದನ್ನು ನಿಲ್ಲಿಸಬೇಕಿತ್ತು. ಸಿಟ್ಟು ಬಂದದ್ದು ನಿಜ. ಆದರೆ ಅದಕ್ಕಿಂತ ದೊಡ್ಡದಾಗಿ ಭಯ ಇತ್ತು. ಕೆಲಸ ಹೋದರೆ? ಮೊದಲು ಸೋಮವಾರ ಕಳೆಯಲಿ, ಜಗಳ ಆಮೇಲೆ ಆಡಿದರಾಯಿತು ಎಂದುಕೊಂಡು ಹಳದಿ ಟ್ಯಾಬನ್ನು ನೆಟ್ಟಗೆ ಅಂಟಿಸಿದೆ.

ಸೋಮವಾರ ನಡೆದದ್ದನ್ನು ಅವರ ಬಾಯಲ್ಲೇ ಕೇಳಿದ್ದೇನೆ. ಕ್ಯಾರಲ್ ಅರವತ್ತರ ಹತ್ತಿರದ ಹೆಂಗಸು. ಕೂತ ಕೂಡಲೇ ಕಾಫಿ ಬೇಕೇ ಎಂದಳಂತೆ. ಇವರು ಬೇಡ ಎಂದು, ಭಾವ ಹೇಳಿದ್ದಂತೆ, ಅವಳು ಬಾಯಿ ತೆಗೆಯುವ ಮುಂಚೆ ಫೈಲನ್ನು ಟೇಬಲ್ ಮೇಲೆ ಇಟ್ಟು ಅವಳ ಕಡೆ ತಿರುಗಿಸಿದರು. ಅವಳು ಹಾಳೆ ತಿರುವಿದಳು. ನಿಧಾನವಾಗಿ, ಹಸಿರು, ಹಳದಿ, ನೀಲಿ. ಕನ್ನಡಕ ತೆಗೆದಳು.

"ವೀರೇಶ್, ಇದನ್ನೆಲ್ಲ ಮಾಡು ಅಂತ ನಿನಗೆ ಯಾರು ಹೇಳಿದ್ದು? ನಿನ್ನ ಮ್ಯಾನೇಜರಾ?"

ಇವರು ಎದೆಯುಬ್ಬಿಸಿ ಹೇಳಿದರಂತೆ, "ಯಾರೂ ಹೇಳಿಲ್ಲ. ನಾನೇ ಮಾಡಿದೆ. ಆರು ವಾರದಲ್ಲಿ ಒಂದು ವಾರವೂ ನಲವತ್ತು ಗಂಟೆಯ ಲೆಕ್ಕ ತಪ್ಪಿಲ್ಲ."

"ನಮ್ಮ ಕಳವಳವೂ ಅದೇ" ಎಂದಳು ಕ್ಯಾರಲ್.

ಸಂಗತಿ ಇಷ್ಟು. ಕೆಲಸ ಮಾಡದ ಹತ್ತು ಗಂಟೆಗೆ ಕಂಪನಿ ಅರ್ಧ ಸಂಬಳ ತುಂಬಿಕೊಡುತ್ತಿದೆ. ಇವರು ಆ ಹತ್ತು ಗಂಟೆಯೂ ಕೆಲಸ ಮಾಡುತ್ತಿದ್ದಾರೆ. ಅಂದರೆ ಆ ಹತ್ತು ಗಂಟೆಯ ಮಟ್ಟಿಗೆ ಕಂಪನಿ ಅರ್ಧ ಸಂಬಳಕ್ಕೆ ಪೂರ್ತಿ ಕೆಲಸ ಮಾಡಿಸಿಕೊಂಡ ಹಾಗಾಯಿತು. ನಾಳೆ ಯಾರಾದರೂ ಕೇಳಿದರೆ ಕಂಪನಿಯ ಮಾನ ಹೋಗುತ್ತದೆ. ಎರಡೂವರೆಯ ಮೇಲೆ ದಿನಾ ಲಾಗಿನ್ ಕಾಣಿಸುತ್ತಿದೆ, ಮ್ಯಾನೇಜರ್ ಏನಾದರೂ ಒತ್ತಾಯ ಮಾಡುತ್ತಿದ್ದಾನಾ ಎಂಬ ಅನುಮಾನ ಅವಳದ್ದು. ಪಾಪ, ಇವರ ಪರವಾಗಿ ಕರೆದಿದ್ದಳು.

ಅಷ್ಟೇ ಅಲ್ಲ. ಮೂರೂವರೆಯ ಆ ಮೀಟಿಂಗಿನಿಂದ ಇವರ ಹೆಸರನ್ನು ಮೊದಲ ವಾರವೇ ತೆಗೆದುಹಾಕಿದ್ದರಂತೆ, ಮಗಳನ್ನು ಕರೆತರುವ ಹೊತ್ತು ಎಂದು. ಇವರು ಪಕ್ಕದ ಸೀಟಿನವನ ಹತ್ತಿರ ಲಿಂಕ್ ಕೇಳಿ ಇಸಿದುಕೊಂಡು ಸೇರಿಕೊಂಡಿದ್ದರು. ಅವನ ಈಮೇಲ್ ಕೂಡ ನಮ್ಮ ಫೈಲಿನಲ್ಲೇ ಇತ್ತು. ಹಸಿರು ಟ್ಯಾಬ್. ನಾನೇ ಅಂಟಿಸಿದ್ದು.

ಕ್ಯಾರಲ್ ಎರಡು ದಾರಿ ಕೊಟ್ಟಳು. ಒಂದೋ ಪ್ಲಾನ್ ಬಿಟ್ಟು ನಲವತ್ತು ಗಂಟೆಗೆ, ಪೂರ್ತಿ ಸಂಬಳಕ್ಕೆ ವಾಪಸ್ ಬರಬೇಕು. ಇಲ್ಲವೇ ಎರಡೂವರೆಗೆ ನಿಜವಾಗಿ ಕೆಲಸ ನಿಲ್ಲಿಸಬೇಕು, ಲ್ಯಾಪ್‌ಟಾಪ್ ಆಫೀಸಿನಲ್ಲೇ ಬಿಟ್ಟು ಹೋಗಬೇಕು. ಒಮ್ಮೆ ಬಿಟ್ಟರೆ ಈ ವರ್ಷ ಮತ್ತೆ ಪ್ಲಾನ್ ಸಿಗುವುದಿಲ್ಲ. ಶುಕ್ರವಾರದೊಳಗೆ ಹೇಳಬೇಕು.

ಇದರಲ್ಲಿ ಯೋಚನೆ ಮಾಡುವುದೇನಿದೆ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಅವರು ಮಾತ್ರ ಮಂಗಳವಾರವೂ ಎಂದಿನಂತೆ ಆಫೀಸಿಗೆ ಹೋಗಿ ಬಂದರು. ಬುಧವಾರ ನಾನು ಬೇಗ ಮನೆಗೆ ಬಂದಿದ್ದೆ, ಮನೆ ಹಿಂದಿನ ಮರದ ಡೆಕ್ಕಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಐವತ್ತೈದು ಡಿಗ್ರಿ ಫ್ಯಾರನ್‌ಹೀಟ್, ಸಂಜೆಯ ಹೂಬಿಸಿಲು. ಆಗ ಬಾಯಿ ಬಿಟ್ಟರು.

"ನಲವತ್ತಕ್ಕ ಹೋಗತೇನಿ ಸುಮಾ. ಆಫ್ಟರ್‌ಕೇರ್‌ಗೆ ಮತ್ತ ಹಾಕೋಣು."

"ಯಾಕೆ?"

ಚಹಾದ ಕಪ್ಪನ್ನು ಕೆಳಗಿಟ್ಟರು. "ಆ ಮೀಟಿಂಗ್ ನಾ ಇಲ್ದನೂ ನಡೀತದ. ಮೊದಲನೇ ವಾರನೇ ಅವರಿಗೆ ಗೊತ್ತಾಗೇತಿ. ನಾ ಇಲ್ದ ಎಲ್ಲಾ ನಡೀತದ ಅಂದಮ್ಯಾಲೆ, ನಾ ಯಾಕ ಬೇಕು ಅವರಿಗೆ?"

ಅದನ್ನು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೇನೆ, ಈ ಮನುಷ್ಯ ಇಷ್ಟು ಹೆದರಿಕೊಂಡಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಎಲೆ ರಾಶಿ ಮಾಡುತ್ತಿದ್ದ ತನ್ವಿಯನ್ನು ಕರೆದೆ. ಮಾತು ಬದಲಿಸೋಣ ಎಂದಷ್ಟೇ.

"ಪುಟ್ಟೀ, ಸ್ಕೂಲ್ ಬಿಟ್ಟ ಮೇಲೆ ನೀನೂ ಅಪ್ಪನೂ ಏನ್ ಮಾಡ್ತಿದ್ರಿ?"

"ವಿ ಹ್ಯಾವ್ ಮೀಟಿಂಗ್ಸ್" ಎಂದಳು.

"ಅಪ್ಪಂಗೆ ಮೀಟಿಂಗು. ನಿಂಗೆ?"

"ಮೀ ಟೂ. ಐ ಆಮ್ ಆನ್ ಮ್ಯೂಟ್."

ದೂರಿನ ಧ್ವನಿಯಲ್ಲಿ ಹೇಳಲಿಲ್ಲ ಅವಳು. ಹೆಮ್ಮೆಯಿಂದ ಹೇಳಿದಳು. ಸ್ಕೂಲಿನಲ್ಲಿ ಆದದ್ದನ್ನೆಲ್ಲ ಹೇಳಬೇಕು ಎಂದು ಕಾರು ಹತ್ತುತ್ತಿದ್ದಳಂತೆ. ಅಪ್ಪ ತುಟಿಯ ಮೇಲೆ ಬೆರಳಿಟ್ಟರೆ ಸುಮ್ಮನಾಗುತ್ತಿದ್ದಳಂತೆ. ಮೀಟಿಂಗ್ ಮುಗಿಯುವ ಹೊತ್ತಿಗೆ ಏನು ಹೇಳಬೇಕಿತ್ತೋ ಅದು ಮರೆತುಹೋಗಿರುತ್ತಿತ್ತು. ಒಂದು ಸಲ ಮಾತ್ರ ನೆನಪಿರಲಿ ಎಂದು ಕೈ ಮೇಲೆ ಮಾರ್ಕರಿನಲ್ಲಿ ಬರೆದುಕೊಂಡಿದ್ದಳಂತೆ. "ಟೂತ್" ಎಂದು. ಅವಳ ಮೊದಲ ಹಲ್ಲು ಅಲುಗಾಡಲು ಶುರುವಾದ ದಿನ ಅದು.

ವೀರೇಶರ ಕಡೆ ನೋಡಿದೆ. ಕಣ್ಣು ತುಂಬಿಕೊಂಡು ಕೂತಿದ್ದರು. ಗದಗದ ಗಂಡಸು, ಒರೆಸಿಕೊಳ್ಳಲೂ ಇಲ್ಲ. ತನ್ವಿ ಮತ್ತೆ ಎಲೆ ರಾಶಿಯ ಕಡೆ ಓಡಿದಳು.

"ಆ ಹಲ್ಲು ಬಿದ್ದದ್ದು ಯಾವಾಗ?" ಎಂದು ಕೇಳಿದರು.

"ಹೋದ ತಿಂಗಳು. ಸ್ಕೂಲಲ್ಲಿ."

"ನನಗ ಹೇಳಿದ್ಲೇನು ಅಕಿ?"

"ನಂಗೊತ್ತಿಲ್ಲ ರೀ" ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆಯೇ ಹೋಗಿ ಕ್ಯಾರಲ್ ಮುಂದೆ ಸಹಿ ಮಾಡಿದರು. ಶುಕ್ರವಾರದವರೆಗೆ ಕಾಯಲಿಲ್ಲ. ಪ್ಲಾನ್ ಮುಂದುವರಿಯುತ್ತದೆ, ಲ್ಯಾಪ್‌ಟಾಪ್ ಲಿವೋನಿಯಾದ ಡ್ರಾಯರಿನಲ್ಲಿ ಉಳಿಯುತ್ತದೆ. ಸುದ್ದಿ ಕೇಳಿ ಭಾವ ಶಿಕಾಗೋದಿಂದ ಕೇಳಿದ್ದು ಒಂದೇ, "ಆ ಫೈಲ್ ವಾಪಸ್ ಇಸ್ಕೊಂಡ್ರಾ?" (ಇಸಿದುಕೊಂಡಿಲ್ಲ. ನಗಲು ಬೇಕಾಗುತ್ತದೆ ಎಂದು ಕ್ಯಾರಲ್ ಇಟ್ಟುಕೊಂಡಿರಬೇಕು.)

ಅದೇ ದಿನ ಮೂರೂಮುಕ್ಕಾಲಿಗೆ ನನಗೆ ಫೋನ್ ಬಂತು. "ಮನೀಗೆ ಬಂದೇವಿ. ಈಗೇನ್ ಮಾಡೂದು ಸುಮಾ?" ಕಾರಿನ ಬ್ರೇಕನ್ನು ಬಿಚ್ಚಿ ಜೋಡಿಸುವ ಮನುಷ್ಯನಿಗೆ ಆರು ವರ್ಷದ ಹುಡುಗಿಯ ಜೊತೆ ಎರಡು ಗಂಟೆ ಏನು ಮಾಡಬೇಕೆಂದು ಗೊತ್ತಿಲ್ಲ. ನಾನು ಹೇಳಿಕೊಡಲಿಲ್ಲ. ನನಗೆ ಯಾರಾದರೂ ಹೇಳಿಕೊಟ್ಟಿದ್ದರಾ? "ಅವಳನ್ನೇ ಕೇಳಿ" ಎಂದು ಫೋನ್ ಇಟ್ಟೆ.

ಆರಕ್ಕೆ ಮನೆಗೆ ಬಂದರೆ ಅಡುಗೆಮನೆ ಗುರುತು ಸಿಗದಂತಾಗಿತ್ತು. ನೆಲದ ತುಂಬ ಚುರಮುರಿ. ಕೌಂಟರ್ ಮೇಲೆ ಪುಟಾಣಿ ಹಿಟ್ಟು, ಹುಣಸೆ ಹಣ್ಣಿನ ನೀರು, ಬೆಲ್ಲದ ಚೂರು. ಅಪ್ಪ ಮಗಳಿಗೆ ಗಿರ್ಮಿಟ್ ಮಾಡುವುದನ್ನು ಕಲಿಸಿದ್ದರು. ಉಳ್ಳಾಗಡ್ಡಿ ಹೆಚ್ಚಿ ಇಬ್ಬರೂ ಅತ್ತಿದ್ದರು. ತನ್ವಿ ಎಡೆಬಿಡದೆ ಮಾತಾಡುತ್ತಿದ್ದಳು. ಯಾರ ಲಂಚ್ ಬಾಕ್ಸಿನಲ್ಲಿ ಏನಿತ್ತು, ಯಾರು ಬಸ್ಸಿನಲ್ಲಿ ವಾಂತಿ ಮಾಡಿದರು, ಟೀಚರ್ ಬೆಕ್ಕಿನ ಹೆಸರೇನು. ಅಪ್ಪ ಮಧ್ಯೆ ಮಧ್ಯೆ "ಹೌದಾ? ಆಮ್ಯಾಲೆ?" ಎನ್ನುತ್ತಿದ್ದರು. ಆ ಗಿರ್ಮಿಟ್‌ಗೆ ಉಪ್ಪು ಜಾಸ್ತಿಯಾಗಿತ್ತು. ನಾನು ಎರಡು ಬಟ್ಟಲು ತಿಂದೆ.

ಅಂದಿನಿಂದ ನಮ್ಮ ಮನೆಯಲ್ಲಿ ಮೂರೂವರೆಯಿಂದ ಆರರವರೆಗೆ ಭಾರಿ ಗಲಾಟೆ ನಡೆಯುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನನ್ನ ಹಳೆಯ ಖುಷಿ ವಾಪಸ್ ಬಂದಿದೆ, ಈ ಸಲ ಅದಕ್ಕೆ ಆಧಾರವೂ ಇದೆ. ಲಿವೋನಿಯಾದ ಬ್ರೇಕುಗಳೂ ಮೊದಲಿನಂತೆಯೇ ತಯಾರಾಗುತ್ತಿವೆ. ವೀರೇಶ್ ಬೇಕೋ ಬೇಡವೋ ಎಂದು ಅಲ್ಲಿ ಯಾರೂ ಕೇಳಿಲ್ಲ. ಬೆಳಿಗ್ಗೆ ಎಂಟಕ್ಕೆ ಇವರು ಒಳಗೆ ಕಾಲಿಟ್ಟ ಕೂಡಲೇ ಮೂರು ಜನ ಡೌಟು ಹಿಡಿದುಕೊಂಡು ಬರುತ್ತಾರಂತೆ. ಅದನ್ನು ಹೇಳುವಾಗ ಅವರ ಮೀಸೆ ಸ್ವಲ್ಪ ಮೇಲೇಳುತ್ತದೆ.

ಇಷ್ಟಕ್ಕೆ ಈ ಅಂಕಣ ಮುಗಿಸಬೇಕು ಎಂದುಕೊಂಡಿದ್ದೆ. ನಾನು ಜಾಣೆ, ಗಂಡ ಪೆದ್ದ, ಎಲ್ಲ ಸುಖಾಂತ. ಇದನ್ನು ಟೈಪ್ ಮಾಡುತ್ತ ಕೂತಿದ್ದಾಗ ತನ್ವಿ ಬಂದು ನನ್ನ ತೋಳಿಗೆ ಜೋತುಬಿದ್ದಳು.

"ಅಮ್ಮಾ, ಅಪ್ಪಾಸ್ ಪ್ಲಾನ್ ಈಸ್ ಓನ್ಲಿ ಫಾರ್ ಒನ್ ಇಯರ್. ಆಮೇಲೆ ನಿನ್ನ ಟರ್ನಾ?"

"ನನ್ನ ಆಫೀಸಲ್ಲಿ ಅಂಥ ಪ್ಲಾನ್ ಇಲ್ಲ ಪುಟ್ಟೀ."

"ಡಿಡ್ ಯು ಆಸ್ಕ್?"

ನಾನು ಕೇಳಿಲ್ಲ. ನೀವು ಕೇಳಿದ್ದೀರಾ?